ಕಾವೇರಿ ಸುಗ್ರೀವಾಜ್ಞೆಯೂ ಲಂಡನ್ನಿನ ಒಬ್ಬ ವೈದ್ಯನೂ

ಮಂಡ್ಯದಲ್ಲಿ ಕಾವೇರಿ ಮಾತು ಎದ್ದರೆ 1991 ನೆನಪಾಗದೆ ಇರದು. ಆ ವರ್ಷ ಜೂನ್ 25ರಂದು ಕಾವೇರಿ ಜಲವಿವಾದದ ನ್ಯಾಯಮಂಡಳಿ, ವರ್ಷಕ್ಕೆ 205 ಟಿಎಂಸಿ ನೀರು ತಮಿಳುನಾಡಿನ ಮೆಟ್ಟೂರು ತಲುಪಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಸರಿಯಾಗಿ ತಿಂಗಳಿಗೆ ಬಂಗಾರಪ್ಪನವರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅಂತಿಮ ತೀರ್ಪು ಬರುವ ತನಕ ಯಾವ ಕೋರ್ಟು, ಯಾವ ಮಂಡಳಿ ಏನೇ ಹೇಳಿರಲಿ, ನಮ್ಮ ರೈತರಿಗೆ ಬೇಕಾದಷ್ಟು ನೀರು ನಮ್ಮಲ್ಲೇ ನಿಲ್ಲುತ್ತದೆ ಎಂಬುದು ಅದರ ಸಾರ. ನಾಲೆಯ ಕೊನೆಭಾಗದಲ್ಲಿರುವ ಮದ್ದೂರು, ಮಳವಳ್ಳಿಯವರಿಗೆ ಇದಕ್ಕಿಂತ ಹಿತವಾದ ಕಾನೂನು ಬೇರೆ ಯಾವುದಿದ್ದೀತು?

ಎರಡೇ ದಿನದಲ್ಲಿ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 22ರಂದು ಕೋರ್ಟು ಅದನ್ನು ಸಂವಿಧಾನಬಾಹಿರ ಎಂದಿತು. (ಸುಗ್ರೀವನ ಅಪ್ಪಣೆ ಮೀರುವಂತಿಲ್ಲ ಎಂಬುದು ಕಿಷ್ಕಿಂಧೆಗೆ ಸರಿ.) ಗಡಿಯಾಚೆ ಹರಿಯುವ ನದಿಯ ಮೇಲೆ ಒಂದೇ ರಾಜ್ಯ ಹೀಗೆ ಕಾನೂನು ಮಾಡಲಾಗದು ಎಂಬುದು ಒಂದು ಕಾರಣ. ಇನ್ನೊಂದು, ಬದುವಿನ ಜಗಳದಲ್ಲಿ ಒಂದು ಕಡೆಯವನೇ ನ್ಯಾಯ ಹೇಳಲು ಕೂತಂತಾಯಿತು ಎಂಬುದು.

ಕಾನೂನನ್ನೇ ಕೋರ್ಟು ಒರೆಗೆ ಹಚ್ಚುವ ಯೋಚನೆ ಮೊಳೆತದ್ದೂ ಇದೇ ತಕರಾರಿನಿಂದ. ಥಾಮಸ್ ಬೋನಮ್ ಎಂಬಾತ ಪರವಾನಗಿ ಇಲ್ಲದೆ ಚಿಕಿತ್ಸೆ ಕೊಡುತ್ತಾನೆಂದು ಲಂಡನ್ನಿನ ವೈದ್ಯರ ಕಾಲೇಜು ದಂಡ ಹಾಕಿ ಜೈಲಿಗೂ ತಳ್ಳಿತು. ಕಾಯ್ದೆಯ ಪ್ರಕಾರ ದಂಡದಲ್ಲಿ ಅರ್ಧ ಕಾಲೇಜಿಗೇ. ದೂರುವವರೂ ಅವರೇ, ತೀರ್ಪು ಕೊಡುವವರೂ ಅವರೇ, ದುಡ್ಡು ಎಣಿಸಿಕೊಳ್ಳುವವರೂ ಅವರೇ! 1610ರಲ್ಲಿ ನ್ಯಾಯಮೂರ್ತಿ ಎಡ್ವರ್ಡ್ ಕೋಕ್, ಪಾರ್ಲಿಮೆಂಟ್ ಮಾಡಿದ್ದಾದರೂ ಇಂಥದ್ದು ನಿಲ್ಲದು ಎಂದರು. ಇಂಗ್ಲೆಂಡ್ ಆ ಮಾತನ್ನು ಬೆಳೆಸಲಿಲ್ಲ. ಅಮೆರಿಕ ಬೆಳೆಸಿತು. 1803ರ ಮಾರ್ಬರಿ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅಲ್ಲಿನ ಸಂಸತ್ತಿನ ಕಾಯ್ದೆಯ ಒಂದು ಭಾಗವನ್ನು ಹೊಡೆದುಹಾಕಿದರು, ಕೋರ್ಟಿಗೆ ಆ ಅಧಿಕಾರ ಇದೆಯೆಂದು ಅವರ ಸಂವಿಧಾನದಲ್ಲಿ ನೇರವಾಗಿ ಬರೆದಿರದಿದ್ದರೂ.

ನಮ್ಮವರು ಆ ಗೊಂದಲಕ್ಕೆ ಎಡೆಗೊಡಲಿಲ್ಲ. ಮೂಲಭೂತ ಹಕ್ಕಿಗೆ ವಿರುದ್ಧವಾದಷ್ಟು ಮಟ್ಟಿಗೆ ಕಾನೂನು ಅಸಿಂಧು ಎಂದು 13ನೇ ವಿಧಿಯಲ್ಲೇ ಬರೆದಿಟ್ಟರು. ಹಾಗಾದರೆ ಸಂವಿಧಾನವನ್ನೇ ತಿದ್ದಿಬಿಟ್ಟರೆ? ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯಲ್ಲಿ. 68 ದಿನ ವಾದ ಕೇಳಿದ 13 ನ್ಯಾಯಮೂರ್ತಿಗಳು, 1973ರ ಏಪ್ರಿಲ್ 24ರಂದು, 7–6ರ ಕೂದಲೆಳೆ ಅಂತರದಲ್ಲಿ, ತಿದ್ದುಪಡಿಯೂ ಸಂವಿಧಾನದ ಮೂಲ ಸ್ವರೂಪ ಕೆಡಿಸುವಂತಿಲ್ಲ ಎಂದರು.

ಮತ್ತೆ ಕಾವೇರಿಗೆ ಬರೋಣ. ನ್ಯಾಯಮಂಡಳಿ 2007ರಲ್ಲಿ ಕೊಟ್ಟ ಅಂತಿಮ ತೀರ್ಪಿನ ವಿರುದ್ಧ ಈ ಸಲ ಕರ್ನಾಟಕವೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಇಂಥ ಮೇಲ್ಮನವಿ ಕೇಳಲು ಕೋರ್ಟಿಗೆ ಅಧಿಕಾರವಿಲ್ಲ ಎಂದು ಕೇಂದ್ರ ವಾದಿಸಿತು. ಇದೆ ಎಂದು 2016ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ನಮ್ಮ ಪಾಲಿಗೆ 14.75 ಟಿಎಂಸಿ ಹೆಚ್ಚು ಬಂತು. ಕೋರ್ಟಿಗೇನು ಅಧಿಕಾರ ಎಂಬ ಮಾತು ಆ ದಿನ ಮಂಡ್ಯದಲ್ಲಿ ನನ್ನ ಕಿವಿಗಂತೂ ಬೀಳಲಿಲ್ಲ.