ಹಾಯಿ ಏರದಿದ್ದರೆ ಬಲ ಹಾಕಬೇಡಿ

ಆಲಮಟ್ಟಿ ಹಿನ್ನೀರಿನಲ್ಲಿ ಹಾಯಿದೋಣಿ ಇಟ್ಟುಕೊಂಡಿರುವ ಕೆಲವರು ಮುಂಗಾರಿನ ನೀರು ತುಂಬುವ ಹೊತ್ತಿಗೆ ಒಂದೇ ದೂರು ತರುತ್ತಾರೆ: ಹಾಯಿ ಅರ್ಧ ಕಂಬಕ್ಕೆ ಬಂದು ನಿಲ್ಲುತ್ತದೆ, ಇಬ್ಬರು ಜಗ್ಗಿದರೂ ಏರುವುದಿಲ್ಲ. ದಯವಿಟ್ಟು ಜಗ್ಗಬೇಡಿ. ಹಾಗೆ ಜಗ್ಗಿದರೆ ಹಾಯಿಯ ಹೊಲಿಗೆ ಹರಿಯುತ್ತದೆ.

ಮೊದಲು ಹಿಡಿತ ಎಲ್ಲಿದೆ ಎಂದು ಕಂಡುಕೊಳ್ಳಿ. ಹಾಯಿಯನ್ನು ಬಿಚ್ಚಿ, ಅದನ್ನು ಏರಿಸುವ ಹಗ್ಗದಲ್ಲಿ ಹಾಯಿಗೆ ಕಟ್ಟುತ್ತಿದ್ದ ತುದಿಗೆ ಉದ್ದನೆಯ ತೆಳು ದಾರವೊಂದನ್ನು ಬಿಗಿದು ಎಳೆಯಿರಿ. ಹಗ್ಗ ಹಗುರವಾಗಿ ಓಡಿದರೆ ದೋಷ ಕಂಬದ ಹಿಂಬದಿಯ ಸೀಳಿನಲ್ಲಿ ಅಥವಾ ಹಾಯಿಯ ಅಂಚಿಗೆ ಕಟ್ಟಿ ಅದರೊಳಗೆ ಜಾರಿಸುವ ಸ್ಲೈಡ್‌ಗಳಲ್ಲಿದೆ. ಆಗಲೂ ಭಾರವೆನಿಸಿದರೆ ಹಗ್ಗವನ್ನೂ ಕಂಬದ ತುದಿಯ ರಾಟೆಯನ್ನೂ ನೋಡಬೇಕು. ತಿರುಗದ ರಾಟೆಯನ್ನು ಬೆರಳಿನಿಂದಲೇ ಗುರುತಿಸಬಹುದು: ಹಗ್ಗ ಒಂದೇ ಕಡೆ ಉಜ್ಜಿ ಉಜ್ಜಿ ಅಲ್ಲಿ ನುಣುಪಾದ ತಗ್ಗು ಬಿದ್ದಿರುತ್ತದೆ. ಅದನ್ನು ಬದಲಿಸುವುದೊಂದೇ ದಾರಿ. 6 ಮಿ.ಮೀ. ಹಗ್ಗದ ರಾಟೆಗೆ 8 ಮಿ.ಮೀ. ಹಗ್ಗ ಪೋಣಿಸಿದರೂ ಅದು ಪಕ್ಕಗಳಿಗೆ ತಿಕ್ಕಿ ನಿಲ್ಲುತ್ತದೆ.

ಕರಾವಳಿಯ ದೋಣಿಗಳಿಗೆ ಉಪ್ಪಿನ ಕಾಟ, ನಮಗೆ ಎರೆಮಣ್ಣಿನ ಧೂಳಿನ ಕಾಟ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ದಡದಲ್ಲಿ ನಿಂತ ದೋಣಿಯ ಸೀಳಿನೊಳಗೆಲ್ಲ ಅದು ಕೂರುತ್ತದೆ. ಅದಕ್ಕೆ ಎಣ್ಣೆಯನ್ನೋ ಗ್ರೀಸನ್ನೋ ಬಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎರಡು ದಿನ ನುಣ್ಣಗೆ ಜಾರುತ್ತದೆ, ನಿಜ. ಆಮೇಲೆ ಎಣ್ಣೆಗೆ ಅಂಟಿದ ಧೂಳು ಸಾಣೆಕಲ್ಲಿನಂತೆ ಸ್ಲೈಡ್‌ಗಳನ್ನೇ ತೇಯುತ್ತದೆ. ಒಂದು ಸ್ಲೈಡಿಗೆ ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಮೇಲಕ್ಕೊಂದು ಕೆಳಕ್ಕೊಂದು ಹಗ್ಗ ಕಟ್ಟಿ, ಸೀಳಿನುದ್ದಕ್ಕೂ ಆಡಿಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಬಿಡಬೇಡಿ. ಒಣಗಿದ ಮೇಲೆ ಒಣ ಸಿಲಿಕೋನ್ ಸ್ಪ್ರೇ ತೆಳುವಾಗಿ ಹೊಡೆಯಿರಿ. ಕಾಲಿಡುವ ಜಾಗಕ್ಕೆ ಬಿದ್ದರೆ ಜಾರಿ ಬೀಳುತ್ತೀರಿ, ಎಚ್ಚರ.

ಪಾಲಿಯೆಸ್ಟರ್ ಹಗ್ಗ ಸೆಟೆದುಕೊಂಡಿದ್ದರೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ತೊಳೆಯಿರಿ. ಬ್ಲೀಚ್ ಬೇಡ. ಕಂಬದೊಳಗಿಂದ ಹಗ್ಗ ತೆಗೆಯುವ ಮುನ್ನ ಅದರ ತುದಿಗೆ ತೆಳು ದಾರವೊಂದನ್ನು ಹೊಲಿದು ಒಳಗೆ ಬಿಟ್ಟಿರಿ, ಇಲ್ಲದಿದ್ದರೆ ಕಂಬವನ್ನೇ ಇಳಿಸಬೇಕಾದೀತು. ಮತ್ತೆ ಪೋಣಿಸುವಾಗ ತುದಿಗಳನ್ನು ಅದಲುಬದಲು ಮಾಡಿದರೆ ಸವೆತ ಹೊಸ ಜಾಗಕ್ಕೆ ಬೀಳುತ್ತದೆ.

ಇಷ್ಟಾಗಿಯೂ ಹಾಯಿ ಬಿಗಿದರೆ ದೋಣಿ ನಿಂತ ದಿಕ್ಕನ್ನು ನೋಡಿ. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಮೂತಿಯನ್ನು ಗಾಳಿಗೆ ನೇರವಾಗಿಟ್ಟು, ಹಾಯಿಯ ಕೆಳಗಿನ ಅಡ್ಡಕೋಲನ್ನು ಹಿಡಿದ ಹಗ್ಗಗಳನ್ನೆಲ್ಲ ಸಡಿಲಿಸಿ, ಆಮೇಲೆ ಏರಿಸಿ.