ಬೀಗ ಬಿಡಿಸುವ ಹವ್ಯಾಸ: ಹೊಸದಾಗಿ ಬಂದವರಿಗೆ ಮೊದಲ ಟಿಪ್ಪಣಿ

ಹಾಸನದಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಸೇರಿ, ಬೀಗದ ಕೈ ಇಲ್ಲದೆ ಬೀಗ ತೆರೆಯುವುದನ್ನು ಕಲಿಯುತ್ತೇವೆ. ಇತ್ತೀಚೆಗೆ ಹೊಸಬರು ಜಾಸ್ತಿ ಬರುತ್ತಿದ್ದಾರೆ. ಹೆಚ್ಚಿನವರು ವಿಡಿಯೊ ನೋಡಿ, ಪಿಕ್ ಸೆಟ್ (ಬೀಗದೊಳಗೆ ಆಡಿಸುವ ತೆಳು ಕಡ್ಡಿಗಳು) ತರಿಸಿಕೊಂಡು, ಮನೆಯ ದಪ್ಪ ಬೀಗ ಹಿಡಿದುಕೊಂಡೇ ಬರುತ್ತಾರೆ. ಆ ಬೀಗ ಜಪ್ಪಯ್ಯ ಅಂದರೂ ತೆರೆದುಕೊಳ್ಳುವುದಿಲ್ಲ. ಅದಕ್ಕೆ ಕಾರಣ ಕೈಚಳಕದ ಕೊರತೆ ಅಲ್ಲ. ವಿಡಿಯೊದಲ್ಲಿ ನೋಡಿದ್ದು ಒಂದು ಜಾತಿಯ ಬೀಗ, ಕೈಯಲ್ಲಿರುವುದು ಇನ್ನೊಂದು ಜಾತಿ. ಅದನ್ನು ಗುರುತಿಸುವುದೇ ಮೊದಲ ಪಾಠ. ತೆರೆಯುವುದು ಆಮೇಲೆ.

ಅದಕ್ಕೂ ಮುಂಚೆ ಎರಡು ನಿಯಮ

ಈ ಹವ್ಯಾಸ ಸಂಘ ಕಟ್ಟಿಕೊಂಡು ಬೆಳೆದದ್ದು ಯುರೋಪಿನಲ್ಲಿ. 1997ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಒಂದು ಸಂಘ ಶುರುವಾಯಿತು. ಆಮೇಲೆ ನೆದರ್ಲೆಂಡ್ಸ್‌ನಲ್ಲಿ 'ಟೂಲ್' ಎಂಬ ಸಂಘ ಬಂತು. ಈ ಹವ್ಯಾಸಿಗಳು ಎಲ್ಲೇ ಇರಲಿ, ಎರಡು ನಿಯಮ ಪಾಲಿಸುತ್ತಾರೆ. ನಿಮ್ಮದಲ್ಲದ ಬೀಗವನ್ನು ಅದರ ಯಜಮಾನರು ಒಪ್ಪದೆ ಮುಟ್ಟಬೇಡಿ. ಬಳಕೆಯಲ್ಲಿರುವ ಬೀಗದ ಮೇಲೆ ಅಭ್ಯಾಸ ಮಾಡಬೇಡಿ, ಅದು ನಿಮ್ಮದೇ ಆಗಿದ್ದರೂ.

ಮೊದಲನೆಯದು ಯಾರಿಗಾದರೂ ಅರ್ಥವಾಗುತ್ತದೆ. ಹೊಸಬರು ಮುರಿಯುವುದು ಎರಡನೆಯದನ್ನು. ಪಿಕ್ ಆಡಿಸುವಾಗ ಒಳಗಿನ ಸಣ್ಣ ಸ್ಪ್ರಿಂಗ್ ಬಾಗಬಹುದು, ಪಿನ್ ಸಿಕ್ಕಿಕೊಳ್ಳಬಹುದು. ಆಮೇಲೆ ಸರಿಯಾದ ಬೀಗದ ಕೈ ಹಾಕಿದರೂ ತಿರುಗುವುದಿಲ್ಲ. ಸಕಲೇಶಪುರದ ಕಡೆಯ ತೋಟದ ಮನೆ, ಜುಲೈ ಮಳೆ, ಮುಂಬಾಗಿಲ ಬೀಗ ಕೆಟ್ಟಿದೆ, ಮನೆಯವರೆಲ್ಲ ಹೊರಗೆ ನಿಂತಿದ್ದಾರೆ. ನೀವೇ ಯೋಚಿಸಿ.

ಕಾನೂನಿನ ಮಾತೂ ಒಂದಿಷ್ಟು ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಂ ಮನೆ ಮುರಿಯುವುದು ಅಂದರೆ ಏನು ಎಂದು ಹೇಳುತ್ತದೆ. ಅತಿಕ್ರಮ ಪ್ರವೇಶಕ್ಕಾಗಿ ಬೀಗ ತೆರೆದರೂ ಅದು ಮನೆ ಮುರಿದಂತೆಯೇ ಲೆಕ್ಕ. 'ನಾನೇನೂ ಒಡೆಯಲಿಲ್ಲ, ನಾಜೂಕಾಗಿ ತೆಗೆದೆ' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ರಾತ್ರಿ ಹೊತ್ತು ಸರಿಯಾದ ಕಾರಣವಿಲ್ಲದೆ ಇಂಥ ಸಾಮಾನು ಜೇಬಿನಲ್ಲಿಟ್ಟುಕೊಂಡು ತಿರುಗುವುದೂ ತೊಂದರೆಗೆ ದಾರಿ. ಪಿಕ್ ಸೆಟ್ ಮನೆಯಲ್ಲಿ ಡ್ರಾಯರ್‌ನಲ್ಲಿ ಇರಲಿ. ಭಾನುವಾರ ಬೆಳಿಗ್ಗೆ ತನ್ನಿ, ಮತ್ತೆ ಅಲ್ಲೇ ಇಡಿ.

ಬೀಗ ಬಿಡಿ, ಬೀಗದ ಕೈ ನೋಡಿ

ಬೀಗದ ಹೊಟ್ಟೆಯೊಳಗೆ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಅದರ ಕೈ ನೋಡಿದರೆ ಬಹುಪಾಲು ಗೊತ್ತಾಗುತ್ತದೆ.

ಚಪ್ಪಟೆ ಕೈ, ಒಂದು ಅಂಚಿನಲ್ಲಿ ಏರಿಳಿತದ ಹಲ್ಲು, ಅಗಲದ ಬದಿಯಲ್ಲಿ ಉದ್ದಕ್ಕೂ ಗೀರಿದ ಕಾಲುವೆ ಇದ್ದರೆ ಸಾಮಾನ್ಯವಾಗಿ ಅದು ಪಿನ್ ಬೀಗ. ಹೊಸ ಮನೆಗಳ ಬಾಗಿಲಿಗೆ ಹಾಕುವ ಸಿಲಿಂಡರ್ ಬೀಗ, ಸೂಟ್‌ಕೇಸಿನ ಸಣ್ಣ ಹಿತ್ತಾಳೆ ಬೀಗ ಈ ಜಾತಿಯವು. ಮೇಜಿನ ಡ್ರಾಯರ್, ಕೆಲವು ಬೀರು, ಸ್ಕೂಟರಿನ ಕೈ ತೆಳುವಾಗಿರುತ್ತವೆ, ಹಲ್ಲು ಅಷ್ಟು ಆಳ ಇರುವುದಿಲ್ಲ. ಅವುಗಳೊಳಗೆ ಪಿನ್ ಬದಲು ತೆಳು ತಗಡಿನ ಬಿಲ್ಲೆಗಳು ಇರುತ್ತವೆ. ಅವಕ್ಕೆ ವೇಫರ್ ಬೀಗ ಅನ್ನುತ್ತಾರೆ.

ಮೂರನೆಯದು ಲಿವರ್ ಬೀಗ. ಉದ್ದನೆಯ ಕಡ್ಡಿ, ಅದರ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಚೂರು. ನಮ್ಮ ಕಡೆ ಗೇಟಿಗೆ, ಅಂಗಡಿ ಶಟರಿಗೆ, ಕಾಫಿ ಗೋದಾಮಿಗೆ ನೇತು ಹಾಕುವ ದಪ್ಪ ಬೀಗಗಳಲ್ಲಿ ಇವು ಬೇಕಾದಷ್ಟಿವೆ. '7 ಲಿವರ್' ಎಂದು ಎಷ್ಟೋ ಬೀಗಗಳ ಮೈಮೇಲೇ ಅಚ್ಚು ಇರುತ್ತದೆ. ಹೊಸಬರು ಹಿಡಿದು ತರುವುದು ಇದನ್ನೇ. ಪಿನ್ ಬೀಗಕ್ಕೆ ಮಾಡಿದ ಪಿಕ್ ಇದರೊಳಗೆ ಹೋದರೂ ಮುಟ್ಟಬೇಕಾದದ್ದನ್ನು ಮುಟ್ಟುವುದಿಲ್ಲ.

ಹಾಗಾಗಿ ನನ್ನ ಸಲಹೆ: ಲಿವರ್ ಬೀಗವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಗುಜರಿ ಅಂಗಡಿಯಲ್ಲೋ ಹಾರ್ಡ್‌ವೇರ್ ಅಂಗಡಿಯಲ್ಲೋ ಒಂದು ಅಗ್ಗದ ಪಿನ್ ಸಿಲಿಂಡರ್ ಹುಡುಕಿ. ಕೈ ಸಮೇತ ಸಿಗಬೇಕು, ಬಿಚ್ಚಲು ಬರಬೇಕು. ಒಳಗೆಲ್ಲ ಕಾಣುವ ಪ್ಲಾಸ್ಟಿಕ್ ಬೀಗ ಸಿಗುತ್ತವಲ್ಲ, ಅವು ನೋಡಿ ತಿಳಿಯಲು ಚೆನ್ನ. ಅಭ್ಯಾಸಕ್ಕೆ ಅಷ್ಟಕ್ಕಷ್ಟೆ. ಕಣ್ಣಿಗೆ ಕಾಣುವಾಗ ಬೆರಳು ಕಲಿಯುವುದಿಲ್ಲ.

ಪಿನ್ ಬೀಗದ ಒಳಗೆ

ಇಂದಿನ ಪಿನ್ ಬೀಗದ ರೂಪ ಬಂದದ್ದು ಅಮೆರಿಕದಿಂದ. ಲೈನಸ್ ಯೇಲ್ ಎಂಬ ಅಪ್ಪ, ಅದೇ ಹೆಸರಿನ ಮಗ. ಅಪ್ಪನ ಪೇಟೆಂಟ್ 1848ರದು. ಚಪ್ಪಟೆ ಕೈಯ ಸಣ್ಣ ಸಿಲಿಂಡರನ್ನು 1860ರ ದಶಕದಲ್ಲಿ ತಂದದ್ದು ಮಗ. ತತ್ವ ಮಾತ್ರ ಬಹಳ ಹಳೆಯದು. ಪ್ರಾಚೀನ ಈಜಿಪ್ಟಿನಲ್ಲಿ ಮರದ ಪಿನ್ ಬೀಗಗಳಿದ್ದವು.

ಒಳಗೆ ತಿರುಗುವ ದುಂಡನೆಯ ಭಾಗವೇ ಪ್ಲಗ್. ಅದನ್ನು ಸುತ್ತುವರಿದದ್ದು ಹೊರಕವಚ. ಎರಡರಲ್ಲೂ ಹಾಯ್ದ ತೂತುಗಳು, ಸಾಮಾನ್ಯವಾಗಿ ಐದು ಅಥವಾ ಆರು. ಒಂದೊಂದು ತೂತಿನಲ್ಲೂ ಕೆಳಗೊಂದು ಪಿನ್, ಮೇಲೊಂದು ಪಿನ್, ಅದರ ಮೇಲೆ ಸ್ಪ್ರಿಂಗ್. ಕೈ ಹಾಕದೆ ಇರುವಾಗ ಮೇಲಿನ ಪಿನ್ ಪ್ಲಗ್ಗಿಗೂ ಕವಚಕ್ಕೂ ಅಡ್ಡ ನಿಂತಿರುತ್ತದೆ. ಅದಕ್ಕೇ ತಿರುಗುವುದಿಲ್ಲ. ಸರಿಯಾದ ಕೈ ಹಾಕಿದಾಗ ಎರಡು ಪಿನ್‌ಗಳು ಸೇರುವ ಜಾಗ, ಎಲ್ಲ ತೂತುಗಳಲ್ಲೂ, ಪ್ಲಗ್ಗಿನ ಅಂಚಿಗೆ ಸಮನಾಗಿ ಬರುತ್ತದೆ. ಆ ಅಂಚಿಗೆ ಶಿಯರ್ ಲೈನ್ ಎಂದು ಹೆಸರು.

ಐದೂ ಪಿನ್ ಒಟ್ಟಿಗೇ ಸರಿಯಾಗಬೇಕಾದರೆ ಕಡ್ಡಿಯಲ್ಲಿ ಹೇಗೆ ಸಾಧ್ಯ? ಹೊಸಬರು ಕೇಳಲೇಬೇಕಾದ ಪ್ರಶ್ನೆ ಇದು. ಉತ್ತರ ಕಾರ್ಖಾನೆಯಲ್ಲಿದೆ. ತೂತುಗಳು ಗೆರೆ ಎಳೆದಂತೆ ನೇರ ಇರುವುದಿಲ್ಲ. ಕೂದಲೆಳೆಯಷ್ಟೂ ಇಲ್ಲದ ವ್ಯತ್ಯಾಸ ಇದ್ದೇ ಇರುತ್ತದೆ. ಪ್ಲಗ್ಗನ್ನು ಮೆಲ್ಲಗೆ ತಿರುಗಿಸಲು ನೋಡಿದರೆ ಆ ವ್ಯತ್ಯಾಸದಿಂದ ಒಂದೇ ಒಂದು ಪಿನ್ ಮೊದಲು ಬಿಗಿಯುತ್ತದೆ. ಉಳಿದವು ಸ್ಪ್ರಿಂಗ್ ಮೇಲೆ ಆರಾಮಾಗಿ ಆಡುತ್ತಿರುತ್ತವೆ. ಬಿಗಿದ ಪಿನ್ನನ್ನು ಹುಡುಕಿ ಮೇಲೆತ್ತಿ. ಮೇಲಿನ ಪಿನ್ ಶಿಯರ್ ಲೈನ್ ಗೆರೆ ದಾಟಿದಾಗ 'ಟಿಕ್' ಎನ್ನುತ್ತದೆ, ಪ್ಲಗ್ ಒಂದಿಷ್ಟೇ ಇಷ್ಟು ತಿರುಗುತ್ತದೆ, ಆ ಪಿನ್ ಮತ್ತೆ ಕೆಳಗೆ ಇಳಿಯುವುದಿಲ್ಲ. ಈಗ ಇನ್ನೊಂದು ಬಿಗಿಯುತ್ತದೆ. ಒಟ್ಟಿಗೆ ಐದು ಅಲ್ಲ, ಒಂದಾದ ಮೇಲೆ ಒಂದು. ಇಷ್ಟೇ ಗುಟ್ಟು.

ಪಿಕ್ ಹಿಡಿದ ಕೈಗಿಂತ ಮುಖ್ಯ ಇನ್ನೊಂದು ಕೈ. ತಿರುಗಿಸುವ ಒತ್ತಡ ಕೊಡುವ ಪಟ್ಟಿ ಅದರಲ್ಲಿರುತ್ತದೆ. ಅದಕ್ಕೆ ಟೆನ್ಷನ್ ರೆಂಚ್ ಅನ್ನುತ್ತಾರೆ. ಎಲ್ಲರೂ ಶುರುವಿನಲ್ಲಿ ಜೋರಾಗಿ ಒತ್ತುತ್ತಾರೆ. ಆಗ ಎಲ್ಲ ಪಿನ್‌ಗಳೂ ಬಿಗಿದಂತೆ ಅನಿಸುತ್ತದೆ, ಯಾವುದು ನಿಜವಾದದ್ದು ಗೊತ್ತಾಗುವುದಿಲ್ಲ. ಬೆಂದ ಅನ್ನದ ಅಗುಳನ್ನು ಬೆರಳಲ್ಲಿ ಹಿಸುಕಿ ನೋಡುತ್ತೇವಲ್ಲ, ಅಷ್ಟು ಒತ್ತಡ ಸಾಕು. ಪಿನ್ನನ್ನು ಜಾಸ್ತಿ ಎತ್ತಿದರೆ ಕೆಳಗಿನ ಪಿನ್ನೇ ಗೆರೆಗೆ ಅಡ್ಡ ಬಂದು ಸಿಕ್ಕಿಕೊಳ್ಳುತ್ತದೆ. ಆಗ ಹಟ ಮಾಡದೆ ಒತ್ತಡ ಬಿಟ್ಟು ಮೊದಲಿನಿಂದ ಶುರು ಮಾಡಿ.

ಅಭ್ಯಾಸ ಹೀಗೆ ಮಾಡಿ. ಸಿಲಿಂಡರ್ ಬಿಚ್ಚಿ, ಒಂದೇ ತೂತಿನಲ್ಲಿ ಪಿನ್ ಬಿಟ್ಟು ಉಳಿದವನ್ನು ತೆಗೆದಿಡಿ. ಅದು ಸರಾಗವಾದ ಮೇಲೆ ಎರಡು, ಆಮೇಲೆ ಮೂರು. ಬಿಚ್ಚುವ ಕೆಲಸ ಅಂಚಿರುವ ದೊಡ್ಡ ಸ್ಟೀಲ್ ತಟ್ಟೆಯ ಒಳಗೇ ಆಗಲಿ. ಸ್ಪ್ರಿಂಗ್ ಹಾರಿದರೆ ಸೋಫಾ ಕೆಳಗೆ ಹುಡುಕುವುದರಲ್ಲೇ ಭಾನುವಾರ ಮುಗಿಯುತ್ತದೆ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಕೊಕ್ಕೆ ಪಿಕ್, ಒಂದು ರೆಂಚ್ ಸಾಕು. ಹಳೆ ಕಾರಿನ ವೈಪರ್ ರಬ್ಬರ್ ಒಳಗಿನ ಉಕ್ಕಿನ ಪಟ್ಟಿಯಿಂದ ಒಳ್ಳೆಯ ರೆಂಚ್ ಆಗುತ್ತದೆ. ಇಪ್ಪತ್ತು ಮೂವತ್ತು ತುಂಡುಗಳ ಸೆಟ್ ತರಿಸಿದವರಿಗೂ ಕೊನೆಗೆ ಬೇಕಾಗುವುದು ಆ ಒಂದೆರಡೇ.

ಬೀಗಕ್ಕೆ ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ. ಧೂಳು ಹಿಡಿದು ಅಂಟಾಗುತ್ತದೆ, ಡಿಸೆಂಬರ್ ಚಳಿಗೆ ಒಳಗೇ ಹೆಪ್ಪುಗಟ್ಟುತ್ತದೆ. ಪೆನ್ಸಿಲ್ ಸೀಸದ ಪುಡಿ ಒಂದು ಚಿಟಿಕೆ ಸಾಕು.

ಲಿವರ್ ಬೀಗ, ಓದಿಕೊಳ್ಳುವುದಕ್ಕೆ

ಇದರಲ್ಲಿ ಒಂದರ ಮೇಲೊಂದು ತಗಡಿನ ಲಿವರ್‌ಗಳು. ಪ್ರತಿಯೊಂದರಲ್ಲೂ ಒಂದು ಕಂಡಿ. ಎಲ್ಲ ಕಂಡಿಗಳೂ ಸಾಲಾದಾಗ ಮಾತ್ರ ಬೋಲ್ಟಿನ (ಬೀಗ ಹಾಕುವ ಅಗುಳಿಯ) ಗೂಟ ಅದರೊಳಗೆ ತೂರುತ್ತದೆ. ಲಿವರ್ ಕಡಿಮೆ ಎದ್ದರೂ ತಡೆ, ಹೆಚ್ಚು ಎದ್ದರೂ ತಡೆ. ಇದನ್ನು 1778ರಲ್ಲಿ ಮಾಡಿದವರು ಇಂಗ್ಲೆಂಡಿನ ರಾಬರ್ಟ್ ಬ್ಯಾರನ್. 1818ರಲ್ಲಿ ಜೆರೆಮಾಯಾ ಚಬ್ ಇನ್ನೊಂದು ಉಪಾಯ ಸೇರಿಸಿದರು. ಯಾರಾದರೂ ಲಿವರನ್ನು ಅತಿಯಾಗಿ ಎತ್ತಿದರೆ ಅದು ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಯಜಮಾನ ಕೈ ಹಾಕಿದಾಗ, ಯಾರೋ ಪ್ರಯತ್ನ ಮಾಡಿದ್ದಾರೆ ಎಂದು ಗೊತ್ತಾಗುತ್ತದೆ. ಎಂಥ ಕಿಲಾಡಿ ಬುದ್ಧಿ, ಅಲ್ವಾ?

1851ರಲ್ಲಿ ಅಮೆರಿಕದ ಬೀಗ ತಜ್ಞ ಆಲ್‌ಫ್ರೆಡ್ ಹಾಬ್ಸ್ ಲಂಡನ್ನಿಗೆ ಬಂದು ಆ ಚಬ್ ಬೀಗವನ್ನು 25 ನಿಮಿಷದಲ್ಲಿ ತೆರೆದ. 200 ಗಿನಿ (ಆಗಿನ ಇಂಗ್ಲೆಂಡಿನ ಹಣ) ಬಹುಮಾನ ಕಟ್ಟಿ ಇಟ್ಟಿದ್ದ, ಬ್ರಾಮಾ ಎಂಬ ಇನ್ನೊಂದು ಕಂಪನಿಯ ಬೀಗಕ್ಕೆ 16 ದಿನಗಳಲ್ಲಿ ಹಂಚಿ 51 ಗಂಟೆ ತೆಗೆದುಕೊಂಡ. ಇದನ್ನೆಲ್ಲ ಬಹಿರಂಗ ಮಾಡಬಾರದು ಎಂದು ಆಗಲೂ ಗಲಾಟೆ ಆಯಿತು. ಕಳ್ಳರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು, ಗೊತ್ತಿಲ್ಲದಿರುವುದು ಬೀಗ ಕೊಳ್ಳುವವರಿಗೆ ಎಂಬುದು ಹಾಬ್ಸ್ ಕಡೆಯವರ ವಾದ. 'ಇದ್ಯಾವ ಕಳ್ರ ವಿದ್ಯೆ ಕಲೀತಿದ್ದೀಯಾ ಮಗಾ' ಎಂದು ಮನೆಯಲ್ಲಿ ಅಜ್ಜಿ ಕೇಳಿದರೆ ಇದನ್ನೇ ಹೇಳಿ. ಒಪ್ಪುತ್ತಾರೆ ಅಂತೇನಿಲ್ಲ.

ಗುಂಪಿನಲ್ಲಿ ಪ್ರಶ್ನೆ ಕೇಳುವಾಗ ಬೀಗ ಯಾವುದು, ಎಷ್ಟು ಪಿನ್, ಎಲ್ಲಿ ನಿಂತಿತು ಎಂದು ಹೇಳಿ. 'ಫ್ರೆಂಡ್ ರೂಮಿನ ಬೀಗ ತೆಗೀಬೇಕಿತ್ತು' ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇಲ್ಲ. ಅದಕ್ಕೆ ಪೇಟೆಯಲ್ಲಿ ಕೀ ಮಾಡುವವರಿದ್ದಾರೆ. ಇನ್ನೊಬ್ಬರು ಒದ್ದಾಡುತ್ತಿರುವ ಬೀಗವನ್ನು ಕಸಿದು ನೀವು ತೆರೆದು ಕೊಡಬೇಡಿ. ಅವರು ಕೇಳಿದರೆ ಮಾತ್ರ ಬಾಯಲ್ಲಿ ಹೇಳಿ. ಕರಾಟೆಯ ಹಾಗೆ ಬಿಳಿಯಿಂದ ಕಪ್ಪಿನವರೆಗೆ ಬೆಲ್ಟ್ ಕೊಡುವ ಪದ್ಧತಿಯೂ ಈ ಹವ್ಯಾಸದಲ್ಲಿದೆ. ಯಾವ ಬೆಲ್ಟಿಗೆ ಯಾವ ಬೀಗ ತೆರೆಯಬೇಕು ಎಂಬ ಪಟ್ಟಿಯಲ್ಲಿರುವುದು ಬಹುಪಾಲು ಅಮೆರಿಕ, ಯುರೋಪಿನ ಬೀಗಗಳು. ಅವನ್ನು ತರಿಸಲು ಈಗಲೇ ದುಡ್ಡು ಸುರಿಯಬೇಡಿ.

ಮುಂದಿನ ಭಾನುವಾರ ಬರುವವರು ಮನೆಯಲ್ಲಿರುವ ಬೀಗದ ಕೈಗಳನ್ನೆಲ್ಲ ಮೇಲಿನ ಮೂರು ಜಾತಿಗಳಾಗಿ ವಿಂಗಡಿಸಿ, ಚಿತ್ರ ಬರೆದುಕೊಂಡು ಬನ್ನಿ. ಯಾವ ಜಾತಿಗೂ ಸೇರದ್ದು ಒಂದೆರಡು ಸಿಕ್ಕೇ ಸಿಗುತ್ತವೆ, ಅವುಗಳಿಂದಲೇ ಶುರು ಮಾಡೋಣ.