ಪ್ರಾಯ ದಾಟಿದ ಮೊಡವೆ

ಮೊಡವೆಗೆ ನಮ್ಮಲ್ಲಿ ‘ಪ್ರಾಯದ ಗುಳ್ಳೆ’ ಅಂತಲೂ ಹೇಳುತ್ತಾರೆ. ಪ್ರಾಯದ ಜೊತೆ ಅದಕ್ಕೆ ಹಾಕಿದ ಈ ಗಂಟು ಬಹಳ ಹಳೆಯದು. ಸುಶ್ರುತ ಸಂಹಿತೆ ಇದನ್ನು ಕ್ಷುದ್ರರೋಗಗಳ, ಅಂದರೆ ಸಣ್ಣಪುಟ್ಟ ರೋಗಗಳ, ಸಾಲಿನಲ್ಲಿ ‘ಮುಖದೂಷಿಕಾ’ ಎಂದು ಹೆಸರಿಸಿ, ಯುವಕರ ಮುಖದಲ್ಲಿ ಏಳುವ, ಬೂರುಗದ ಮುಳ್ಳಿನಂಥ ಗುಳ್ಳೆ ಎನ್ನುತ್ತದೆ. ಬೂರುಗದ ಮರದ ಕಾಂಡ ಮುಟ್ಟಿ ನೋಡಿದವರಿಗೆ ಈ ಹೋಲಿಕೆ ಎಷ್ಟು ಸರಿ ಅಂತ ಗೊತ್ತು: ಬುಡ ದಪ್ಪ, ತುದಿ ಚೂಪು. ಆಯುರ್ವೇದದ ಇನ್ನೊಂದು ಹೆಸರು ‘ಯುವಾನಪಿಡಕಾ’. ಅದರಲ್ಲೂ ಯೌವನವೇ.

ಹೆಸರು ಹೀಗಿರುವುದರಿಂದಲೇ ದೊಡ್ಡವರಿಗೆ ಮೊಡವೆ ಬಂದರೆ ನಾಚಿಕೆ. ನನಗೆ 34ರಲ್ಲಿ ಗದ್ದದ ಕೆಳಗೆ ಶುರುವಾಯಿತು. ಮೇಲೆ ಏನೂ ಕಾಣದು, ಒಳಗೆ ಹೆಸರುಕಾಳಿನಷ್ಟು ಗಂಟು, ಮುಟ್ಟಿದರೆ ಜೀವ ಹೋಗುವಷ್ಟು ನೋವು. ಮುಟ್ಟಿಗೆ ನಾಲ್ಕೈದು ದಿನ ಮುಂಚೆ ಬರುವುದು, ಹೋಗುವಾಗ ಕಂದು ಕಲೆ ಬಿಟ್ಟು ಹೋಗುವುದು. “ಈ ವಯಸ್ಸಲ್ಲಿ ಇದೇನೇ ನಿಂಗೆ? ಉಷ್ಣ ಆಗಿರಬೇಕು, ಎಳನೀರು ಕುಡಿ” ಅಂದರು ಚಿಕ್ಕಮ್ಮ. ಎಳನೀರು ಕುಡಿದೆ, ಗಂಟು ಹಾಗೇ ಇತ್ತು.

25 ವರ್ಷ ದಾಟಿದ ಮೇಲೆ ಕಾಡುವ ಮೊಡವೆಯನ್ನು ಚರ್ಮವೈದ್ಯರು ವಯಸ್ಕರ ಮೊಡವೆ, ಅಡಲ್ಟ್ ಆಕ್ನೆ ಎನ್ನುತ್ತಾರೆ. ಹೆಚ್ಚಿನವರಿಗೆ ಹದಿಹರೆಯದ ಮೊಡವೆಯೇ ನಿಲ್ಲದೆ ಮುಂದುವರಿದಿರುತ್ತದೆ, ಕೆಲವರಿಗೆ 25ರ ನಂತರವೇ ಮೊದಲ ಸಲ ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಒಳಗೆ ನಡೆಯುವುದು ಎಲ್ಲ ವಯಸ್ಸಿನಲ್ಲೂ ಒಂದೇ. ಕೂದಲಿನ ಬುಡದಲ್ಲಿ ಜಿಡ್ಡು ಸುರಿಸುವ ಒಂದು ಗ್ರಂಥಿ ಇದೆ. ಜಿಡ್ಡು ಹೆಚ್ಚಾಗಿ, ಉದುರಬೇಕಾದ ಸತ್ತ ಜೀವಕೋಶಗಳು ಅದರಲ್ಲಿ ಅಂಟಿಕೊಂಡರೆ ರಂಧ್ರದ ಬಾಯಿಗೆ ಬಿರಡೆ ಬೀಳುತ್ತದೆ. ಚರ್ಮದ ಮೇಲೆ ಸದಾ ಇರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಆ ಮುಚ್ಚಿದ ಜಾಗದಲ್ಲಿ ಬೆಳೆಯುತ್ತದೆ. ದೇಹ ಅದಕ್ಕೆ ಎದುರು ನಿಂತಾಗ ಕೆಂಪು, ಬಾವು, ಕೀವು. ಬಿರಡೆಯ ಬಾಯಿ ತೆರೆದೇ ಇದ್ದರೆ ಬ್ಲ್ಯಾಕ್‌ಹೆಡ್. ಆ ಕಪ್ಪು ಬಣ್ಣ ಕೊಳೆಯದ್ದಲ್ಲ, ಎಷ್ಟು ಉಜ್ಜಿದರೂ ಹೋಗದು. ಉಜ್ಜಿದಷ್ಟೂ ಚರ್ಮ ಕೆರಳುತ್ತದೆ.

ಜಿಡ್ಡಿನ ಗ್ರಂಥಿಗೆ ಅಪ್ಪಣೆ ಕೊಡುವುದು ಗಂಡಸರ ಹಾರ್ಮೋನು ಎನಿಸಿಕೊಂಡ ಆಂಡ್ರೋಜನ್‌ಗಳು. ಇವು ಹೆಂಗಸರ ದೇಹದಲ್ಲೂ ಇವೆ. ದವಡೆ, ಗದ್ದದ ಸುತ್ತ ಮೊಡವೆ ಎದ್ದು, ಜೊತೆಗೆ ಮುಟ್ಟು ಏರುಪೇರಾಗಿ, ಮುಖದಲ್ಲಿ ಒರಟು ಕೂದಲೂ ಬರುತ್ತಿದ್ದರೆ ಪಿಸಿಒಎಸ್ (ಹೆಂಗಸರ ಹಾರ್ಮೋನು, ಅಂಡಾಶಯದ ಏರುಪೇರಿನ ತೊಂದರೆ) ಇದೆಯಾ ಎಂದು ನೋಡಿಸಲೇಬೇಕು.

ಹೊರಗಿನ ಕಾರಣಗಳೂ ಇವೆ. ನಮ್ಮ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಕೊಬ್ಬರಿ ಎಣ್ಣೆ. ತಲೆಗೆ ಹಚ್ಚಿದ ಎಣ್ಣೆ ರಾತ್ರಿ ದಿಂಬಿಗೆ, ದಿಂಬಿನಿಂದ ಹಣೆಗೆ ಬಂದು, ಕೂದಲಿನ ಗಡಿಯಲ್ಲಿ ಸಾಲಾಗಿ ಸಣ್ಣ ಗುಳ್ಳೆ ಏಳಿಸುತ್ತದೆ. ಇದಕ್ಕೆ ಪೊಮೇಡ್ ಆಕ್ನೆ ಎಂಬ ಪ್ರತ್ಯೇಕ ಹೆಸರೇ ಇದೆ. ಜಿಮ್‌ಗೆ ಹೋಗುವ ಹುಡುಗರಲ್ಲಿ ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯಿಂದಲೂ ಮೊಡವೆ ಏಳುವುದುಂಟು. ಬೋಂಡಾದ ಎಣ್ಣೆ ನೇರ ಮುಖಕ್ಕೆ ಬರುತ್ತದೆ ಅನ್ನುವುದು ಸರಿಯಲ್ಲ. ಸಕ್ಕರೆ, ಮೈದಾದಂತೆ ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ಆಹಾರದ ಮೇಲೆ ಸಂಶಯ ಹೆಚ್ಚು.

ನಾನು ನಿಜವಾಗಿ ಹೇಳಬೇಕೆಂದು ಕೂತದ್ದು ಟ್ಯೂಬಿನ ವಿಷಯ. ಡಾಕ್ಟರ ಹತ್ತಿರ ಹೋಗಲು ಸಂಕೋಚವಾಗಿ ನಾನು ಮೆಡಿಕಲ್ ಶಾಪಿಗೆ ಹೋದೆ. ಚೀಟಿ ಕೇಳದೆ ಒಂದು ಕ್ರೀಮ್ ಕೊಟ್ಟರು. ವಾರದಲ್ಲಿ ಮುಖ ತಿಳಿಯಾಗಿ ಹೊಳೆಯಿತು. ಬಿಟ್ಟ ಎಂಟನೇ ದಿನಕ್ಕೆ ಉರಿ, ಕೆಂಪು, ಮೊದಲಿಗಿಂತ ದುಪ್ಪಟ್ಟು ಗುಳ್ಳೆ. ಅದರಲ್ಲಿದ್ದದ್ದು ಸ್ಟೀರಾಯ್ಡ್. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ಅದು ಮೊಡವೆಯ ಮದ್ದಲ್ಲ. ದಿನವೂ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತದೆ, ಸ್ಟೀರಾಯ್ಡಿನಿಂದಲೇ ಹೊಸ ಮೊಡವೆ ಏಳುತ್ತದೆ. ಹೀಗೆ ಕೆಟ್ಟ ಮುಖಗಳನ್ನು ಕಂಡು ಕಂಡು ನಮ್ಮ ದೇಶದ ಚರ್ಮವೈದ್ಯರು ಆ ಸ್ಥಿತಿಗೇ ಒಂದು ಹೆಸರಿಟ್ಟಿದ್ದಾರೆ: ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್, ಅಂದರೆ ಹಚ್ಚಿದ ಸ್ಟೀರಾಯ್ಡಿನಿಂದ ಹಾಳಾದ ಮುಖ. 2018ರಲ್ಲಿ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್ ಎಂಬ ಔಷಧಪಟ್ಟಿಗೆ ಸೇರಿಸಲಾಗಿದೆ. ಆದರೂ ಕೌಂಟರಿನಲ್ಲಿ ಕೈಗೆ ಬರುತ್ತಿದೆ ಅನ್ನುವುದೇ ನನ್ನ ಸಂಕಟ.

ನಿಜವಾದ ಮದ್ದುಗಳು ನಿಧಾನ. ಬೆಂಜೋಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ (ದಿಂಬಿನ ಕವರಿನ ಬಣ್ಣವನ್ನೂ ತೆಗೆಯುತ್ತದೆ, ಬಿಳಿ ಬಟ್ಟೆ ಹಾಸಿ). ಅಡಾಪಲೀನ್ ಬಿರಡೆ ಕಟ್ಟದಂತೆ ನೋಡಿಕೊಳ್ಳುತ್ತದೆ. ರಾತ್ರಿ ಇಡೀ ಮುಖಕ್ಕೆ ಬಟಾಣಿಯಷ್ಟು ಸಾಕು, ಮೊದಲ ಕೆಲವು ವಾರ ಒಣಗಿ ಸಿಪ್ಪೆ ಏಳುತ್ತದೆ. ಅಜೆಲಾಯಿಕ್ ಆಮ್ಲ ಕಲೆಗೂ ಒಳ್ಳೆಯದು. ಯಾವುದೇ ಆದರೂ 8ರಿಂದ 12 ವಾರ ಬೇಕು, ಏಕೆಂದರೆ ಇಂದು ಕಾಣುವ ಗುಳ್ಳೆ ಚರ್ಮದಡಿ ಶುರುವಾಗಿ ವಾರಗಳೇ ಆಗಿರುತ್ತವೆ. ಗರ್ಭಿಣಿಯರು ಅಡಾಪಲೀನ್ ಹಚ್ಚಬಾರದು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯಂತೂ ಹೊಟ್ಟೆಯಲ್ಲಿರುವ ಮಗುವಿಗೆ ತೀವ್ರ ಅಂಗದೋಷ ತರಬಲ್ಲದು. ಅದನ್ನು ವೈದ್ಯರ ಕಣ್ಗಾವಲಿಲ್ಲದೆ ಯಾರೂ ನುಂಗಬಾರದು.

ಚರ್ಮವೈದ್ಯರ ಬಳಿ ಹೋಗುವಾಗ ಮುಖಕ್ಕೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಕವರಿನಲ್ಲಿ ತೆಗೆದುಕೊಂಡು ಹೋಗಿ. ನಾನು ಒಯ್ದದ್ದು ಏಳು. ಅವರು ಮೇಜಿನ ಮೇಲೆ ಸಾಲಾಗಿ ಇಟ್ಟು, ಎರಡನ್ನು ಉಳಿಸಿ, ಐದನ್ನು ಪಕ್ಕಕ್ಕೆ ಸರಿಸಿದರು.